ಸಂಜೆ ನಾಲ್ಕರ ಹಸಿವು



ಯಾಯಿರನ ಮಗಳನ್ನು ಯೇಸುಸ್ವಾಮಿ ಬದುಕಿಸಿದ ಘಟನೆಯನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ (ಮಾರ್ಕ 5: 35-43). ಮನೆಯ ಮುಂದೆ ಅಳುವವರ ಗುಂಪು, ಗದ್ದಲ. ಸ್ವಾಮಿ ಒಳಗೆ ಹೋಗಿ ಹುಡುಗಿಯ ಕೈ ಹಿಡಿದು ಎಬ್ಬಿಸುತ್ತಾರೆ. ಹನ್ನೆರಡು ವರ್ಷದ ಆ ಮಗು ಎದ್ದು ನಡೆದಾಡುತ್ತದೆ. ನೋಡಿದವರು ಬೆರಗಾಗಿ ನಿಂತುಬಿಡುತ್ತಾರೆ. ಆ ಬೆರಗಿನಲ್ಲಿ ಯಾರಿಗೂ ಹೊಳೆಯದ ಒಂದು ಸಂಗತಿ ಸ್ವಾಮಿಗೆ ಹೊಳೆಯಿತು. ಮಗುವಿಗೆ ತಿನ್ನಲು ಏನಾದರೂ ಕೊಡಿ ಎಂದರು.

ನಾವು ಗುರುಗಳು ಪ್ರಬೋಧನೆಯಲ್ಲಿ ಪವಾಡದ ಬಗ್ಗೆ ಮಾತನಾಡುತ್ತೇವೆ, ಯಾಯಿರನ ವಿಶ್ವಾಸದ ಬಗ್ಗೆ ಮಾತನಾಡುತ್ತೇವೆ. ಈ ಕೊನೆಯ ಮಾತಿನ ಹತ್ತಿರ ಬರುವ ಹೊತ್ತಿಗೆ ಗಡಿಯಾರ ನೋಡಿಕೊಂಡು ಮುಗಿಸಿಬಿಡುತ್ತೇವೆ. ನಾನೂ ಹಾಗೆಯೇ ಮುಗಿಸಿದವನು. ಸಾವಿನ ಕೈಯಿಂದ ಮಗುವನ್ನು ಬಿಡಿಸಿದ ಸ್ವಾಮಿ ಅದರ ಹೊಟ್ಟೆಯನ್ನು ಮರೆಯಲಿಲ್ಲ ಎಂಬುದು ಸಣ್ಣ ವಿಷಯವೇ? ಸಂಜೆ ನಾಲ್ಕು ಗಂಟೆಗೆ ಶಾಲೆಯಿಂದ ಬಂದು, ಚೀಲ ಬಿಸಾಕಿ, ‘ತಿನ್ನೋಕೆ ಏನಿದೆ?’ ಎಂದು ಕೇಳುವ ಮಗುವಿನ ಬಗ್ಗೆ ಇವತ್ತು ಮಾತನಾಡಬೇಕೆಂದಿದ್ದೇನೆ. ಇದು ಅಡುಗೆಮನೆಯ ವಿಷಯ, ಧರ್ಮಸಭೆಗೇನು ಸಂಬಂಧ ಎನ್ನಬೇಡಿ. ಕೇಳುವವರೇ ಇಲ್ಲದ ಮನೆಗೆ ಬರುವ ಮಕ್ಕಳೂ ನಮ್ಮಲ್ಲಿದ್ದಾರೆ.

ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಗರದ ಅಂಚಿನ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಭಾನುವಾರ ಜ್ಞಾನೋಪದೇಶದ ತರಗತಿ ಮುಗಿದ ಮೇಲೆ ದೇವಾಲಯದ ಅಂಗಳದ ತುಂಬ ಕುರುಕಲು ತಿಂಡಿಯ ಬಣ್ಣಬಣ್ಣದ ಖಾಲಿ ಪೊಟ್ಟಣಗಳು. ಮರದ ಬುಡದಲ್ಲಿ, ಚರಂಡಿಯಲ್ಲಿ, ಲೂರ್ದು ಮಾತೆಯ ಗವಿಯ ಮುಂದೆ ಕೂಡ. ನನಗೆ ಸಿಟ್ಟು ಬಂತು. ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ಅದನ್ನೇ ಹಿಡಿದುಕೊಂಡೆ. ಈಗಿನ ತಾಯಂದಿರಿಗೆ ಒಂದು ಉಂಡೆ ಕಟ್ಟಿಕೊಡಲು ಪುರುಸೊತ್ತಿಲ್ಲ, ಧಾರಾವಾಹಿ ನೋಡಲು ಪುರುಸೊತ್ತಿದೆ ಎಂದುಬಿಟ್ಟೆ. ಗಂಡಸರ ಸಾಲಿನಲ್ಲಿ ಹಲವರು ತಲೆಯಾಡಿಸಿದರು. ನನ್ನ ಮಾತಿನಲ್ಲಿ ಏನೋ ಐಬಿದೆ ಎಂದು ಆ ತಲೆಗಳನ್ನು ನೋಡಿಯೇ ನನಗೆ ಅರ್ಥವಾಗಬೇಕಿತ್ತು.

ಪೂಜೆ ಮುಗಿದ ಮೇಲೆ ಪಕ್ಕದ ಬಾಗಿಲ ಬಳಿ ಒಬ್ಬ ತಾಯಿ ಕಾದಿದ್ದರು. ಕೋಪವಿರಲಿಲ್ಲ. ಮೆಲ್ಲಗೆ ಹೇಳಿದರು: “ಸ್ವಾಮಿ, ನಾನು ಗಾರ್ಮೆಂಟ್ಸ್‌ಗೆ ಹೋಗೋಳು. ಬೆಳಗ್ಗೆ ಐದಕ್ಕೆ ಏಳ್ತೀನಿ. ತಿಂಡಿ, ಮಧ್ಯಾಹ್ನದ ಡಬ್ಬಿ ಎಲ್ಲ ಮುಗಿಸಿ ಎಂಟಕ್ಕೆ ಮುಂಚೆ ಬಸ್ ಹತ್ತಬೇಕು. ವಾಪಸ್ ಬರೋದು ಏಳು ಗಂಟೆಗೆ. ಮಗ ನಾಲ್ಕಕ್ಕೆ ಬಂದು ಬೀಗ ತೆಗೆದು ಒಬ್ಬನೇ ಇರ್ತಾನೆ. ಅವನ ಕೈಲಿ ಹತ್ತು ರೂಪಾಯಿ ಇಟ್ಟು ಹೋಗೋದು ಸೋಮಾರಿತನಕ್ಕಲ್ಲ ಸ್ವಾಮಿ. ನೀವು ಹೇಳಿದ್ದು ಸರಿ. ಯಾವ ಹೊತ್ತಲ್ಲಿ ಮಾಡಲಿ ಅನ್ನೋದನ್ನೂ ನೀವೇ ಹೇಳಿ.”

ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ತಿಂಡಿ, ಊಟ ಮೂರು ಹೊತ್ತೂ ಬೇರೆಯವರ ಕೈಯಿಂದ ತಯಾರಾಗಿ ಮೇಜಿನ ಮೇಲೆ ಬಂದು ಕೂರುತ್ತದೆ. ಒಂದು ಕಪ್ ಚಹಾ ಬಿಟ್ಟರೆ ಒಲೆಯ ಮುಂದೆ ನಾನು ನಿಂತವನಲ್ಲ. ಅಂಥವನು ಐದು ಗಂಟೆಗೆ ಏಳುವ ಹೆಂಗಸಿಗೆ ಸೋಮಾರಿತನದ ಪಾಠ ಹೇಳಿದ್ದೆ. ಮುಂದಿನ ಭಾನುವಾರ ಅದೇ ಜಾಗದಲ್ಲಿ ನಿಂತು ಕ್ಷಮೆ ಕೇಳಿದೆ. ಅಷ್ಟರಿಂದ ಆ ಹುಡುಗನ ಸಂಜೆಯ ಹಸಿವು ತೀರುವುದಿಲ್ಲವಲ್ಲ! ಅವರು ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತು.

ಆ ವಾರ ಲೂಕನ ಶುಭಸಂದೇಶದ ಮಾರ್ತಾ-ಮರಿಯರ ಭಾಗವನ್ನು ಮತ್ತೆ ಓದಿದೆ (ಲೂಕ 10: 38-42). ನಾವು ಯಾವಾಗಲೂ ಸ್ವಾಮಿಯ ಪಾದದ ಬಳಿ ಕುಳಿತ ಮರಿಯಳ ಪರ. ಮಾರ್ತಾಳನ್ನು ಗೊಣಗುವವಳೆಂದು ತಳ್ಳಿಬಿಡುತ್ತೇವೆ. ಆಕೆಯ ದೂರು ಏನೆಂದು ಗಮನಿಸಿ. ಕೆಲಸ ಹೆಚ್ಚಾಯಿತು ಎಂದು ಆಕೆ ಹೇಳಲಿಲ್ಲ. ಒಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾರೆ ಎಂದಳು. ಸ್ವಾಮಿ ಆಕೆಯ ಚಿಂತೆ, ತಳಮಳವನ್ನು ತಿದ್ದಿದರೇ ಹೊರತು ಅಡುಗೆಯನ್ನು ಹೀಗಳೆಯಲಿಲ್ಲ. ಮುಂದೆ ಲಾಜರನ ಸಾವಿನ ಸಮಯದಲ್ಲಿ ನೀವೇ ಕ್ರಿಸ್ತ ಎಂದು ಬಾಯಿಬಿಟ್ಟು ಸಾರಿದವಳು ಇದೇ ಮಾರ್ತಾ (ಯೊವಾನ್ನ 11: 27). ಅದಾದ ಮೇಲೂ ಬೆಥಾನಿಯದ ಔತಣದಲ್ಲಿ ಬಡಿಸುತ್ತಿದ್ದವಳು ಆಕೆಯೇ (ಯೊವಾನ್ನ 12: 2). ಜುಲೈ 29ರಂದು ಮೊದಲು ಸಂತ ಮಾರ್ತಾ ಒಬ್ಬರ ಸ್ಮರಣೆ ಮಾತ್ರ ಇತ್ತು. 2021ರಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು ಅದೇ ದಿನಕ್ಕೆ ಮರಿಯ ಮತ್ತು ಲಾಜರರನ್ನೂ ಸೇರಿಸಿದರು. ಅಂತೂ ಪಂಚಾಂಗದಲ್ಲಾದರೂ ಅಕ್ಕ, ತಂಗಿ, ತಮ್ಮ ಮೂವರೂ ಒಟ್ಟಿಗೆ ಬಂದರು. ನಮ್ಮ ಮನೆಗಳ ಅಡುಗೆಕೋಣೆಯಲ್ಲಿ ಇನ್ನೂ ಮಾರ್ತಾ ಒಬ್ಬಳೇ.

ತಂದೆಯರೇ, ಈಗ ನಿಮ್ಮ ಸರದಿ. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಶಿಷ್ಯರಿಗೆ ಕಾಣಿಸಿಕೊಂಡಾಗ ಏನು ಮಾಡುತ್ತಿದ್ದರು? ಕೆಂಡ ಮಾಡಿ, ಅದರ ಮೇಲೆ ಮೀನು ಇಟ್ಟು, ರೊಟ್ಟಿಯನ್ನೂ ಸಿದ್ಧಮಾಡಿಕೊಂಡು ಕಾಯುತ್ತಿದ್ದರು (ಯೊವಾನ್ನ 21: 9-13). ರಾತ್ರಿಯೆಲ್ಲ ಬಲೆ ಎಳೆದು ದಣಿದವರಿಗೆ ಬೆಳಗಿನ ತಿಂಡಿ. ಮೊಳೆಯ ಗಾಯದ ಕೈಗಳು ಒಲೆ ಹಚ್ಚಿದ್ದವು. ಅಷ್ಟಕ್ಕೇ ನಿಲ್ಲಿಸದೆ, ನೀವು ಹಿಡಿದ ಮೀನಿನಲ್ಲೂ ಒಂದಿಷ್ಟು ತನ್ನಿ ಎಂದು ಶಿಷ್ಯರಿಗೆ ಹೇಳಿದರು. ಎಲ್ಲವನ್ನೂ ತಾವೇ ಸಿದ್ಧಪಡಿಸಬಲ್ಲ ಪ್ರಭು, ಅವರ ಪಾಲನ್ನೂ ಕೇಳಿ ಪಡೆದರು. ಪೇತ್ರನಿಗೆ ತನ್ನ ಸಭೆಯನ್ನು ಒಪ್ಪಿಸುವ ಮಾತು ಬಂದದ್ದು ಆ ತಿಂಡಿಯಾದ ಮೇಲೆ. ಹೀಗಿರುವಾಗ ಹಿಟ್ಟು ಕಲಸುವುದು ಗಂಡಸಿನ ಕೆಲಸವಲ್ಲ ಎನ್ನಲು ಕ್ರೈಸ್ತನಾದವನಿಗೆ ಯಾವ ಬಾಯಿ?

ಹಾಗೆ ನೋಡಿದರೆ ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಕ್ರಿಸ್ಮಸ್ ಹತ್ತಿರ ಬಂದಾಗ ನಮ್ಮ ಮನೆಗಳನ್ನು ನೋಡಿ. ಚಾಪೆ ಹಾಸಿ, ಅದರ ಮೇಲೆ ಬಟ್ಟೆ ಹರಡಿ ಎಲ್ಲರೂ ಸುತ್ತ ಕೂರುತ್ತಾರೆ. ಕಲ್‌ಕಲ್ ಮಾಡಲು ಮಕ್ಕಳು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಹಿಟ್ಟಿನ ಉಂಡೆ ಒತ್ತಿ ಸುರುಳಿ ಸುತ್ತುತ್ತವೆ. ಅಪ್ಪ ಚಕ್ಕುಲಿ ಒರಳು ಒತ್ತುತ್ತಾರೆ. ಅಜ್ಜಿ ಕರ್ಜಿಕಾಯಿಯ ಅಂಚು ಮಡಿಸುತ್ತಾರೆ. ಮಂಗಳೂರಿನ ಕಡೆಯವರಿಗೆ ಇದೇ ಕುಸ್ವಾರ್. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ ತಟ್ಟೆ ಹೋಗುತ್ತದೆ, ಸಂಕ್ರಾಂತಿಗೆ ಎಳ್ಳುಬೆಲ್ಲವಾಗಿ, ರಂಜಾನಿಗೆ ಇನ್ನೊಂದಾಗಿ ತಿರುಗಿ ಬರುತ್ತದೆ. ಆ ರಾತ್ರಿಗಳಲ್ಲಿ ಯಾವ ತಾಯಿಯೂ ಒಬ್ಬಳೇ ಇರುವುದಿಲ್ಲ. ಡಿಸೆಂಬರ್ 26ಕ್ಕೆ ಒರಳು ಅಟ್ಟ ಸೇರುತ್ತದೆ, ಜೊತೆಗೆ ಆ ಕೂಡಿ ಕೂರುವುದೂ ಅಟ್ಟ ಸೇರುತ್ತದೆ.

ನಮ್ಮ ಕಿರು ಕ್ರೈಸ್ತ ಸಮುದಾಯದ ಸಭೆಯಲ್ಲಿ ಆ ತಾಯಿಯ ಪ್ರಶ್ನೆಯನ್ನೇ ಮುಂದಿಟ್ಟೆವು. ವಯಸ್ಸಾದ ತಾಯಂದಿರು ದಾರಿ ತೋರಿಸಿದರು. ಶನಿವಾರ ಸಂಜೆ ಒಂದು ಗಂಟೆ, ಮನೆಯವರೆಲ್ಲ ಸೇರಿ, ವಾರಕ್ಕಾಗುವಷ್ಟು ಒಂದು ಡಬ್ಬ ತುಂಬುವುದು. ಅದಕ್ಕೆ ಎರಡೇ ನಿಯಮ. ಮಾಡಿದ್ದು ಕೆಡದೆ ಒಂದು ವಾರ ಇರಬೇಕು. ಮನೆಯಲ್ಲಿ ದೊಡ್ಡವರಿಲ್ಲದಾಗ ಮಗು ಒಲೆ ಹಚ್ಚದೆ ತೆಗೆದುಕೊಂಡು ತಿನ್ನುವಂತಿರಬೇಕು. ಎರಡನೆಯದನ್ನು ಹೇಳಿದ್ದು ಆ ತಾಯಿಯೇ. ನನಗಂತೂ ಅದು ಹೊಳೆದಿರಲಿಲ್ಲ.

ಮೊದಲು ಕಲಿತದ್ದು ರಾಗಿ ಹುರಿಹಿಟ್ಟಿನ ಉಂಡೆ. ಎರಡು ಲೋಟ ಹುರಿಹಿಟ್ಟು, ಒಂದು ಲೋಟ ಪುಡಿಮಾಡಿದ ಬೆಲ್ಲ, ಅರ್ಧ ಲೋಟ ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಬೀಜ, ಎರಡು ಚಮಚ ಹುರಿದ ಎಳ್ಳು, ಸ್ವಲ್ಪ ತುರಿದ ಕೊಬ್ಬರಿ, ಏಲಕ್ಕಿ. ಹುರಿಹಿಟ್ಟು ಸಿಗದಿದ್ದರೆ ರಾಗಿ ಹಿಟ್ಟನ್ನೇ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗಿ ಘಮ ಬರುವವರೆಗೆ ಹುರಿಯಬೇಕು, ಅವಸರ ಮಾಡಿದರೆ ಉಂಡೆ ಬಾಯಿಗೆ ಅಂಟುತ್ತದೆ. ತುಪ್ಪ ದುಬಾರಿ ಎನ್ನುವವರು ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಶೋಧಿಸಿ, ಬೆರಳಿಗೆ ಅಂಟುವಷ್ಟು ಕುದಿಸಿ, ಬಿಸಿ ಇರುವಾಗಲೇ ಹಿಟ್ಟಿಗೆ ಸುರಿದು ಕಲಸಲಿ. ಒಂದೆರಡು ಚಮಚ ತುಪ್ಪವನ್ನು ಅಂಗೈಗೆ ಸವರಿಕೊಳ್ಳಲು ಇಟ್ಟುಕೊಂಡರೆ ಸಾಕು. ಕೈ ಸುಡುವಷ್ಟು ಬಿಸಿ ಆರಿದ ಮೇಲೆ ಮಕ್ಕಳನ್ನು ಕರೆಯಿರಿ. ಹಸಿ ತೆಂಗಿನಕಾಯಿ ಮಾತ್ರ ಬೇಡ, ಎರಡು ದಿನಕ್ಕೇ ಹಳಸುತ್ತದೆ.

ಈ ಉಂಡೆಯನ್ನು ಬಡವರ ತಿಂಡಿ ಎಂದು ಮೂಗು ಮುರಿಯುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ದೊಡ್ಡ ಅಂಗಡಿಗಳಲ್ಲೂ ರಾಗಿಗೆ ಮರ್ಯಾದೆ ಬಂತು. ಐದು ಸಾವಿರ ಜನರಿಗೆ ಹಂಚಲು ಸ್ವಾಮಿ ತೆಗೆದುಕೊಂಡದ್ದು ಒಬ್ಬ ಹುಡುಗನ ಬಳಿಯಿದ್ದ ಜವೆಗೋಧಿಯ ರೊಟ್ಟಿ (ಯೊವಾನ್ನ 6: 9). ಆ ಕಾಲದಲ್ಲಿ ಗೋಧಿ ಕೊಳ್ಳಲಾಗದವರು ತಿನ್ನುತ್ತಿದ್ದದ್ದು ಅದನ್ನೇ. ಆ ಹುಡುಗನ ಬುತ್ತಿ ಕಟ್ಟಿದವರು ಯಾರೆಂದು ಶುಭಸಂದೇಶ ಹೇಳುವುದಿಲ್ಲ. ಯಾರೋ ಬೆಳಗ್ಗೆ ಎದ್ದು ಕಟ್ಟಿರಬೇಕು.

ಎರಡನೆಯದು ಅವಲಕ್ಕಿ. ಕಾಲು ಕಿಲೋ ತೆಳು ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿದಿಟ್ಟುಕೊಳ್ಳಿ. ಮೂರು ಚಮಚ ಎಣ್ಣೆಯಲ್ಲಿ ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಕರಿಬೇವು, ಒಣಮೆಣಸಿನಕಾಯಿ ಬಾಡಿಸಿ ಅರಿಸಿನ, ಉಪ್ಪು, ಚಿಟಿಕೆ ಸಕ್ಕರೆ ಹಾಕಿ ಒಲೆ ಆರಿಸಿ ಅವಲಕ್ಕಿ ಸೇರಿಸಿದರಾಯಿತು. ಪೂರ್ತಿ ತಣ್ಣಗಾದ ಮೇಲೆ ಡಬ್ಬಕ್ಕೆ ತುಂಬಿ. ಬಿಸಿ ಬಿಸಿ ತುಂಬಿ ಮೆತ್ತಗೆ ಮಾಡಿಕೊಂಡವರು ಹಲವರು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯವರು ಇಡೀ ಕಡಲೆಬೀಜ ಬಿಡಬೇಕು, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಡಬ್ಬದ ತಿಂಡಿಯೇ ಆಗಬೇಕೆಂದಿಲ್ಲ. ರಾತ್ರಿ ನೆನೆಹಾಕಿದ ಕಡಲೆಕಾಳು ಬೆಳಗ್ಗೆ ಕುಕ್ಕರಿನಲ್ಲಿ ಅನ್ನದ ಜೊತೆಗೇ ಬೇಯುತ್ತದೆ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆರಸ ಹಿಂಡಿದರೆ ಸಂಜೆಯವರೆಗೆ ಇರುತ್ತದೆ. ಕಡುಬೇಸಗೆಯಲ್ಲಿ ಇದನ್ನು ಬಿಡುವುದೇ ಕ್ಷೇಮ. ಅವರೆಕಾಯಿಯ ಕಾಲದಲ್ಲಿ ಬೇಯಿಸಿದ ಅವರೆಕಾಳು, ಗೆಣಸಿನ ಕಾಲದಲ್ಲಿ ಗೆಣಸು. ಏನೂ ಆಗದ ದಿನ ಎರಡು ಬಾಳೆಹಣ್ಣು. ಅದೂ ತಿಂಡಿಯೇ, ಅದಕ್ಕಾಗಿ ಯಾವ ತಾಯಿಯೂ ನಾಚಬೇಕಾಗಿಲ್ಲ.

ಕರಿದದ್ದು ಮಾತ್ರ ಮಿತವಾಗಿರಲಿ. ಮನೆಯಲ್ಲಿ ಮಾಡಿದ್ದೆಂದ ಮಾತ್ರಕ್ಕೆ ದಿನವೂ ಬೋಂಡ ಬಜ್ಜಿ ಒಳ್ಳೆಯದಾಗುವುದಿಲ್ಲ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿಯುವುದಂತೂ ಬೇಡವೇ ಬೇಡ. ತಿಂಗಳಿಗೊಮ್ಮೆ ನಿಪ್ಪಟ್ಟು ಮಾಡಿ. ಎರಡು ಲೋಟ ಅಕ್ಕಿಹಿಟ್ಟಿಗೆ ಅರ್ಧ ಲೋಟ ಹುರಿಗಡಲೆ ಪುಡಿ, ಕಾಲು ಲೋಟ ಕುಟ್ಟಿದ ಕಡಲೆಬೀಜ, ಖಾರದ ಪುಡಿ, ಉಪ್ಪು, ಎರಡು ಚಮಚ ಕಾದ ಎಣ್ಣೆ. ನೀರು ಸ್ವಲ್ಪ ಸ್ವಲ್ಪವೇ ಹಾಕಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ ಹದವಾದ ಉರಿಯಲ್ಲಿ ಕರಿಯಬೇಕು. ಕಲಸುವುದು ತಂದೆಯರ ಪಾಲಿಗೆ ಎಂದು ಸಭೆಯಲ್ಲೇ ತೀರ್ಮಾನವಾಯಿತು. ಅಂದು ತಲೆಯಾಡಿಸಿದವರು ಈ ಸಲ ತಲೆ ತಗ್ಗಿಸಿದರು.

ಪೊಟ್ಟಣದ ತಿಂಡಿಯನ್ನು ಪಾಪವೆಂದು ನಾನಿನ್ನು ಹೇಳುವುದಿಲ್ಲ. ಆದರೆ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದನ್ನು ಮಕ್ಕಳಿಗೆ ಕಲಿಸಿ. ಸೋಡಿಯಂ ಎಷ್ಟೆಂದು ಬರೆದಿರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ತಿಳಿಯುತ್ತದೆ. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚದಷ್ಟು, ಇಡೀ ದಿನದ ಅನ್ನ ಸಾರು ಎಲ್ಲ ಸೇರಿ. ಎಣ್ಣೆ, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಒಳಗೂ ಅದರ ಸುತ್ತ 50 ಮೀಟರ್ ಒಳಗೂ ಮಾರಬಾರದೆಂದು 2020ರಲ್ಲೇ ಕೇಂದ್ರದ ನಿಯಮ ಬಂದಿದೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣ ಸಿಕ್ಕಿತ್ತು. ನಿಯಮ ಕಾಗದದ ಮೇಲಿರುತ್ತದೆ, ಗಾಡಿ ಶಾಲೆಯ ಗೇಟಿನ ಮುಂದೆ ಇರುತ್ತದೆ. ನಡುವೆ ನಿಲ್ಲಬೇಕಾದವರು ನಾವು. ನಮ್ಮ ಧರ್ಮಕೇಂದ್ರದ ಹಬ್ಬಗಳಲ್ಲಿ ಮಳಿಗೆ ಹಾಕಿಸುವಾಗ ಇದನ್ನು ಮೊದಲು ನಾವು ನೋಡಿಕೊಳ್ಳಬೇಕು ಎಂಬುದನ್ನು ಪಾಲನಾ ಸಮಿತಿಯವರಿಗೂ ಹೇಳುತ್ತಿದ್ದೇನೆ.

ಡಬ್ಬ ತುಂಬಿದರೆ ಕೆಲಸ ಮುಗಿಯಿತೇ? ಇಲ್ಲ. ವಿಶ್ವಗುರು ಫ್ರಾನ್ಸಿಸ್‌ರವರು 2015ರ ನವೆಂಬರ್ 11ರ ಬುಧವಾರದ ಉಪದೇಶದಲ್ಲಿ, ಒಟ್ಟಿಗೆ ಉಣ್ಣದ, ಉಣ್ಣುವಾಗಲೂ ಟಿ.ವಿ. ಮೊಬೈಲು ನೋಡುತ್ತ ಮಾತೇ ಆಡದ ಮನೆಯನ್ನು ಕುಟುಂಬವೆನ್ನುವುದೇ ಕಷ್ಟ ಎಂದು ಎಚ್ಚರಿಸಿದರು. ಅದೇ ವರ್ಷದ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಊಟದ ಮೊದಲೂ ನಂತರವೂ ಒಂದು ಗಳಿಗೆ ನಿಂತು ದೇವರಿಗೆ ವಂದಿಸುವ ಪದ್ಧತಿಗೆ ಹಿಂತಿರುಗಿರೆಂದು ಕೇಳಿಕೊಂಡರು. ಆ ವಂದನೆಯಲ್ಲಿ ಅನ್ನ ಬೆಳೆದವರ ನೆನಪೂ ಸೇರಬೇಕೆಂಬುದು ಅವರ ಆಶಯ. ನಾಲ್ಕು ಗಂಟೆಗೆ ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮಗು ಶಿಲುಬೆಯ ಗುರುತು ಹಾಕಿಕೊಂಡು ಉಂಡೆ ಕೈಗೆತ್ತಿಕೊಂಡರೆ ಅದು ಒಂಟಿಯಾಗಿ ತಿಂದಂತಲ್ಲ. ಶನಿವಾರ ಅದನ್ನು ಕಟ್ಟಿದ ಕೈಗಳು ಅದರ ನೆನಪಿನಲ್ಲಿರುತ್ತವೆ.

ಎಲ್ಲ ಮನೆಯಲ್ಲೂ ಇದು ನಡೆಯುವುದಿಲ್ಲ ಎಂದು ನನಗೆ ಗೊತ್ತು. ಶನಿವಾರವೂ ದುಡಿಯುವವರಿದ್ದಾರೆ. ತಂದೆ ಇಲ್ಲದ ಮನೆಗಳಿವೆ, ಇದ್ದೂ ಸಂಜೆ ಬಾರಿನಲ್ಲಿರುವ ತಂದೆಯರಿದ್ದಾರೆ. ಸರೆಪ್ತದ ವಿಧವೆಯ ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಪ್ಪಿಯಲ್ಲಿ ತೊಟ್ಟು ಎಣ್ಣೆ ಮಾತ್ರ ಇತ್ತು (1 ಅರಸುಗಳು 17). ಆಕೆಯ ಮನೆಗೆ ದೇವರು ಎಲೀಯನನ್ನು ಕಳಿಸಿದರು. ಅಂಥ ಮನೆಗಳಿಗೆ ನಮ್ಮನ್ನಲ್ಲದೆ ಇನ್ಯಾರನ್ನು ಕಳಿಸಿಯಾರು? ಆ ಧರ್ಮಕೇಂದ್ರದಲ್ಲಿ ನಿವೃತ್ತರಾದ ಒಬ್ಬ ಅಜ್ಜಿ ಸಂಜೆ ನಾಲ್ಕರಿಂದ ಆರರವರೆಗೆ ಬಾಗಿಲು ತೆರೆದಿಡುತ್ತೇನೆಂದರು. ಪಕ್ಕದ ಮೂರು ಮನೆಯ ಮಕ್ಕಳು ತಮ್ಮ ತಮ್ಮ ಡಬ್ಬಿ ಹಿಡಿದು ಅಲ್ಲಿ ಬಂದು ಕೂರತೊಡಗಿದರು. ತಪಸ್ಸು ಕಾಲದಲ್ಲಿ ಪೊಟ್ಟಣಕ್ಕೆ ಹೋಗುತ್ತಿದ್ದ ಹಣವನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು, ಆ ಅಜ್ಜಿಯ ಮನೆಗೆ ಬೆಲ್ಲ, ಕಡಲೆಬೀಜ ತಂದುಕೊಟ್ಟದ್ದು ಮಕ್ಕಳದ್ದೇ ಯೋಚನೆ.

ನಾನು ವರ್ಗವಾಗಿ ಹೊರಡುವ ಹಿಂದಿನ ವಾರ, ಆ ಗಾರ್ಮೆಂಟ್ಸ್ ತಾಯಿಯ ಮಗ ಗುರುಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. “ಫಾದರ್, ನಿಪ್ಪಟ್ಟು. ಅಪ್ಪ ಕಲಸಿದ್ದು, ನಾನು ತಟ್ಟಿದ್ದು. ಅಮ್ಮ ಸುಮ್ಮನೆ ಕುರ್ಚಿ ಮೇಲೆ ಕೂತಿದ್ರು” ಎಂದ. ಆಮೇಲೆ ಸ್ವಲ್ಪ ಹತ್ತಿರ ಬಂದು, “ಉಪ್ಪು ಜಾಸ್ತಿಯಾಗಿದೆ, ಅಪ್ಪಂಗೆ ಹೇಳಬೇಡಿ” ಎಂದ. ನಿಜಕ್ಕೂ ಜಾಸ್ತಿಯಾಗಿತ್ತು. ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತು, ಶಿಲುಬೆಯ ಗುರುತು ಹಾಕಿಕೊಂಡು, ನೀರು ಕುಡಿಯುತ್ತ ಡಬ್ಬಿ ಖಾಲಿ ಮಾಡಿದೆವು.